ಕೈತಾನ ಕಾಕಾನ ನಾಲಿಗೆ

ಸತ್ತ ಮನುಷ್ಯನ ನಾಲಿಗೆಯನ್ನು ಉಳಿಸಿಕೊಂಡು ದುಡಿಸುವುದು ಸಾಧ್ಯವಾದರೆ ಏನಾದೀತು?

ಹಾಡುಗಾರನ ದನಿ ಉಳಿಯುತ್ತದೆ, ಸರಿ. ಬರೆಯುವವನ ಅಕ್ಷರ ಉಳಿಯುತ್ತದೆ. ಆದರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಇದು ಚಲೋ, ಇದು ಹಾಳು ಎಂದು ತೀರ್ಪು ಕೊಡುವ ನಾಲಿಗೆ ಮಾತ್ರ ಅದರ ಒಡೆಯನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಅದು ಹಾಗೆ ಹೋಗಕೂಡದು ಎಂದು ಹಟ ಹಿಡಿದವಳು ನೀಲಾಂಬಿಕಾ ಹಂಜಗಿ. ಹಟ ಗೆದ್ದಳು ಕೂಡ. ಸೋತಿದ್ದರೇ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅವಳಿಗೆ ಅನ್ನಿಸುತ್ತದೆ. ಈಗ ಅನ್ನಿಸಿ ಏನು ಬಂತು, ಬಿಡಿ.

ತಿಕೋಟಾ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪಹಾಳ ಎಂಬ ಊರು ಸಿಗುತ್ತದೆ. ಎರೆಮಣ್ಣು ಮುಗಿದು ಕಲ್ಲು ಬೆರೆತ ಕೆಂಪು ನೆಲ ಶುರುವಾಗುವ ಜಾಗ. ಅಲ್ಲಿ ಹಂಜಗಿಯವರ ದ್ರಾಕ್ಷಿ ತೋಟ. ಸುತ್ತಲಿನವರೆಲ್ಲ ದ್ರಾಕ್ಷಿ ಒಣಗಿಸಿ ಮಾರುತ್ತಿದ್ದ ಕಾಲದಲ್ಲಿ ಈ ಮನೆಯ ಹಿರಿಯನೊಬ್ಬ ನಾಸಿಕದ ಕಡೆಯಿಂದ ಕಡ್ಡಿ ತಂದು ನೆಟ್ಟು ವೈನ್ ಮಾಡಲು ಕೂತ. ಐದು ತಲೆಮಾರಿನ ಹಿಂದಿನ ಮಾತು. ಅವನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಅವನು ಮುತ್ಯಾ. ಅವನು ಕೈಯಾರೆ ನೆಟ್ಟ ಬಳ್ಳಿಗಳಿರುವ ತುಂಡು ಹೊಲಕ್ಕೆ ಇವತ್ತಿಗೂ ಮುತ್ಯಾನ ಪಟ್ಟಿ ಎಂದೇ ಹೆಸರು. ತೊಡೆಗಾತ್ರದ ಕಾಂಡಗಳು. ಅಂಥ ಬಳ್ಳಿ ಆ ಸೀಮೆಯಲ್ಲೇ ಇನ್ನೊಂದಿರಲಿಲ್ಲ.

ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ಹೆಂಡ ಕಾಯಿಸುವುದೇ ಎಂದು ಬಂಧುಬಳಗ ಆಗ ಬಾಯಿಗೆ ಬಂದಂತೆ ಬೈದಿತ್ತು. ಮುತ್ಯಾ ಅಂಗೈಯಲ್ಲಿ ಲಿಂಗ ಹಿಡಿದು ಊರೆದುರು ಮಾತು ಕೊಟ್ಟ. ಮಾಡುತ್ತೇನೆ, ಮಾರುತ್ತೇನೆ, ಆದರೆ ನಾನಾಗಲಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವರಾಗಲಿ, ಈ ಮನೆ ಹೊಸ್ತಿಲು ತುಳಿದ ಸೊಸೆಯಂದಿರಾಗಲಿ ಒಂದು ಹನಿಯನ್ನೂ ನಾಲಿಗೆಗೆ ಹಚ್ಚುವುದಿಲ್ಲ. ಜನ ನಕ್ಕರು. ಬೆಲ್ಲದ ಗಾಣ ಇಟ್ಟವನು ಬೆರಳು ನೆಕ್ಕದೆ ಇರುತ್ತಾನೇನು ಎಂದು ಆಡಿಕೊಂಡರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಐದು ತಲೆಮಾರಿನಲ್ಲಿ ಆ ಮನೆಯ ಒಬ್ಬರೂ ಬೆರಳು ನೆಕ್ಕಲಿಲ್ಲ. ಹಣ್ಣು ತಿನ್ನುತ್ತಿದ್ದರು, ಹಸಿ ರಸ ಕುಡಿಯುತ್ತಿದ್ದರು. ರಸದಲ್ಲಿ ಮೊದಲ ಗುಳ್ಳೆ ಎದ್ದಿತೋ, ಅಲ್ಲಿಂದಾಚೆ ಅದು ಪರರ ಸೊತ್ತು. ಕೈಗೆ ಸಿಡಿದರೆ ತೊಳೆದುಕೊಂಡೇ ಊಟಕ್ಕೆ ಕೂರಬೇಕು.

ಹಾಗಾದರೆ ರುಚಿ ನೋಡುವವರು ಯಾರು? ಹೊರಗಿನವರು. ನೀಲಾ ಹುಟ್ಟುವ ಮೊದಲಿನಿಂದ ಆ ಕೆಲಸ ಕೈತಾನ ಕಾಕಾನದು.

ಕೈತಾನ ಖಾನಾಪುರದ ಕಡೆಯ ಕ್ರಿಸ್ತುವ. ಹರೆಯದಲ್ಲಿ ಪೀಪಾಯಿ ರಿಪೇರಿಗೆಂದು ಬಂದವನು ಇಲ್ಲೇ ಉಳಿದುಬಿಟ್ಟ. ಅವನು ರುಚಿ ನೋಡುವುದೆಂದರೆ ಮನೆಯಲ್ಲಿ ಪೂಜೆ ನಡೆದಷ್ಟೇ ಗಂಭೀರ. ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುವನು, ಕೆನ್ನೆಯಿಂದ ಕೆನ್ನೆಗೆ ಆಡಿಸುವನು, ಉಸುಕಿನ ಬಕೆಟ್ಟಿಗೆ ಉಗುಳುವನು. ಆಮೇಲೆ ಸುಮ್ಮನೆ ನಿಲ್ಲುವನು. ಅಷ್ಟು ಹೊತ್ತು ನೀಲಾಳ ಅಪ್ಪ, ಅಣ್ಣ ಸಂಗಣ್ಣ, ಬಾಗಿಲಲ್ಲಿ ಸೆರಗು ಹೊದ್ದ ಅವ್ವ ಎಲ್ಲರೂ ಅವನ ಮುಖ ನೋಡುವರು. ಕೆಟ್ಟಿದ್ದರೆ, "ಇದು ಮಾತಾಡವಲ್ದು," ಎನ್ನುವನು. ಭಾರಿ ಮೆಚ್ಚಿದರೆ ಒಂದೇ ಮಾತು.

"ಕಣ್ ಮುಚ್ಚಿ ಕುಡೀಬಹುದು."

ಆ ಮಾತು ಬಿತ್ತೆಂದರೆ ಅವ್ವ ಒಳಗೆ ಹೋಗಿ ಹೋಳಿಗೆಗೆ ಬೇಳೆ ಹಾಕುವಳು. ಅವನ ನಾಲಿಗೆಯ ಮೇಲೆ ಇಡೀ ಮನೆ ನಿಂತಿತ್ತು.

ನೀಲಾ ಧಾರವಾಡದಲ್ಲಿ ಜೀವರಸಾಯನ ಓದಿ, ಪುಣೆಯ ಪ್ರಯೋಗಾಲಯದಲ್ಲಿ ಕೃತಕ ಪೊರೆಗಳ ಮೇಲೆ ಕೆಲಸ ಮಾಡಿ, ಅಪ್ಪ ತೀರಿಕೊಂಡ ವರ್ಷ ಊರಿಗೆ ಮರಳಿದಳು. ಮದುವೆಯ ಮಾತು ತೆಗೆದವರಿಗೆಲ್ಲ, "ನನಗ ಬಳ್ಳಿ ಅದಾವು, ಸಾಕು," ಎಂದು ಬಾಯಿ ಮುಚ್ಚಿಸಿದಳು. ಹೊಲ ಸಂಗಣ್ಣನದು, ವೈನ್ ಅವಳದು ಎಂದು ಅಣ್ಣ ತಂಗಿ ಹಂಚಿಕೊಂಡರು.

ಆ ಹೊತ್ತಿಗೆ ಹೊಸ ಕಾನೂನು ಬಂದಿತ್ತು. ಒಂದು ಬಾಟಲಿ ವೈನ್ ಆಗಲು ಎಷ್ಟು ನೀರು ಖರ್ಚಾಯಿತೆಂದು ಬಾಟಲಿಯ ಮೇಲೇ ಅಚ್ಚು ಹಾಕಬೇಕು. ಕೊಳ್ಳುವವರು ಬೆಲೆಗಿಂತ ಮೊದಲು ಅದನ್ನು ನೋಡುತ್ತಿದ್ದರು. ಕಡಿಮೆ ನೀರಿನ ಬಾಟಲಿ ಎತ್ತಿಕೊಂಡವನು ಪುಣ್ಯವಂತ, ಹೆಚ್ಚಿನದನ್ನು ಎತ್ತಿಕೊಂಡವನನ್ನು ಅಂಗಡಿಯಲ್ಲಿ ಪಕ್ಕದವರೇ ದುರುಗುಟ್ಟಿ ನೋಡುತ್ತಿದ್ದರು. ತಪ್ಪೂ ಅಲ್ಲ ಅನ್ನಿ. ನೀರು ಅಷ್ಟು ತುಟ್ಟಿಯಾಗಿತ್ತು. ತೋಟಗಳೆಲ್ಲ ನೀರು ಉಳಿಸುವ ಪೈಪೋಟಿಗೆ ಬಿದ್ದವು. ಉಳಿಸಲು ಹೋಗಿ ಕೆಲವರ ವೈನು ಕೆಟ್ಟಿತು, ಅವರು ಮುಳುಗಿದರು. ಎಷ್ಟರವರೆಗೆ ಉಳಿಸಬಹುದು, ಎಲ್ಲಿ ನಿಲ್ಲಿಸಬೇಕು? ಅದನ್ನು ಹೇಳಬಲ್ಲದ್ದು ನಾಲಿಗೆ ಒಂದೇ.

ಅಂಥ ಹೊತ್ತಿನಲ್ಲೇ ಒಂದು ಮಳೆಗಾಲ ಕೈತಾನ ಕಾಕಾನಿಗೆ ವಿಷಮ ಜ್ವರ ಬಂತು. ಬದುಕಿದ್ದೇ ಹೆಚ್ಚು. ಎದ್ದು ಬಂದಾಗ ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂಬಂತಿದ್ದ. ಕಾಕಾ ಹೋದರೆ ನಮಗೆ ಬಾಯೇ ಇಲ್ಲವಲ್ಲ ಎಂದು ನೀಲಾಳಿಗೆ ಅವತ್ತೇ ಹೊಳೆದದ್ದು.

ಒಣದ್ರಾಕ್ಷಿಯ ಹಳೆಯ ಶೆಡ್ಡನ್ನು ಬಳಿದು ಗುಡಿಸಿ ಅವಳು ಪ್ರಯೋಗಾಲಯ ಮಾಡಿಕೊಂಡಳು. ಯಂತ್ರದ ಹೂರಣ ಹೇಳಿದರೆ ಇಷ್ಟೇ. ಮನುಷ್ಯನ ನಾಲಿಗೆಯ ಮೇಲೆ ರುಚಿ ಹಿಡಿಯುವ ಪ್ರೋಟೀನುಗಳಿರುತ್ತವಲ್ಲ, ಅವನ್ನೇ ಬೆಳೆಸಿ ತೆಳು ಪೊರೆಗಳಿಗೆ ಅಂಟಿಸುವುದು. ಒಂದು ಹನಿ ವೈನ್ ಬಿದ್ದರೆ ಒಂದೊಂದು ಪೊರೆಯಲ್ಲಿ ಒಂದೊಂದು ಬಗೆಯ ವಿದ್ಯುತ್ ಮಿಡಿತ ಏಳುತ್ತದೆ. ಮಿಡಿತಕ್ಕೆ ಅರ್ಥ ಗೊತ್ತಿಲ್ಲ. ಅದಕ್ಕೆ ಒಬ್ಬ ಗುರು ಬೇಕು. ಅದೇ ವೈನನ್ನು ಕಾಕಾ ಕುಡಿದು ಏನು ಹೇಳುತ್ತಾನೋ ಅದನ್ನು ಯಂತ್ರ ಕೇಳಿಸಿಕೊಂಡು ಕಲಿಯುತ್ತದೆ. ಸಾವಿರ ಸಲ ಕಲಿತರೆ ಆಮೇಲೆ ಕಾಕಾ ಇಲ್ಲದೆಯೂ ಕಾಕಾನ ಮಾತನ್ನೇ ಹೇಳುತ್ತದೆ.

"ನನ್ ನಾಲಿಗಿ ಕತ್ತರಿಸಿ ಡಬ್ಬ್ಯಾಗ ಇಡತಿ ಅಂದಂಗಾತು," ಎಂದು ಕಾಕಾ ನಕ್ಕ.

"ಕತ್ತರಿಸೂದಿಲ್ಲ ಕಾಕಾ, ಸಾಲಿ ಕಲಿಸತೀನಿ. ನೀವು ಮಾಸ್ತರ."

"ಮಾಸ್ತರ ದಡ್ಡ ಇದ್ರ?"

"ಅಯ್ಯ, ಸುಮ್ ಕೂಡ್ರಿ."

ಎರಡು ಸುಗ್ಗಿ ಕಾಕಾ ದಿನಾ ಬೆಳಿಗ್ಗೆ ಬಂದು ಕೂತ. ನೀಲಾ ಒಂದೊಂದೇ ಗ್ಲಾಸು ಇಡುವಳು. ಅವನು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುವನು, ಗುಟುಕು ಹಾಕಿಕೊಂಡು ಉಗುಳಿ, ಮತ್ತೊಮ್ಮೆ ಬೆಳಕಿಗೆ ಹಿಡಿದು, ಅಂಕ ಹೇಳುವನು. ಮೊದಲೆಲ್ಲ ಕಣ್ಣು ಮುಚ್ಚುತ್ತಿದ್ದವನು ಈಗ ಬಿಟ್ಟಗಣ್ಣು ಬಿಟ್ಟುಕೊಂಡೇ ಇರುತ್ತಾನೆ ಎಂಬುದು ಅವಳ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಂತ್ರದ ಎದುರು ಕಾಕಾ ಎಷ್ಟು ಶ್ರದ್ಧೆಯಿಂದ ಮಾಡುತ್ತಾನೆ ಎಂದು ಖುಷಿಪಟ್ಟಳು.

ಒಂದು ಮಧ್ಯಾಹ್ನ ಕಾಕಾ ಅಲ್ಲೇ ಊಟಕ್ಕೆ ನಿಂತ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ. ಮೊದಲ ತುತ್ತಿಗೇ ಸಂಗಣ್ಣ ಮುಖ ಕಿವಿಚಿದ.

"ಯವ್ವಾ, ಉಪ್ಪು ಹಾಕೂದು ಮರತೀದಿ ನೋಡು. ಒಂದ್ ಹಳ್ಳೂ ಇಲ್ಲ."

ಅವ್ವ ನಾಲಿಗೆ ಕಚ್ಚಿಕೊಂಡು ಕಾಕಾನ ತಟ್ಟೆ ನೋಡಿದಳು. ಕಾಕಾ ಅಷ್ಟರಲ್ಲಿ ಒಂದು ಎಣಗಾಯಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದ. "ಭಾಳ ರುಚಿ ಆಗೇತಿ ಅಕ್ಕಾರ," ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರ್ಯಾದಸ್ಥ ಎಂದರೆ ಕಾಕಾ ನೋಡಿ, ಮನೆಯೊಡತಿಯ ಮನಸ್ಸು ನೋಯಬಾರದೆಂದು ಉಪ್ಪಿಲ್ಲದ್ದನ್ನೂ ಹೊಗಳುತ್ತಾನೆ ಎಂದು ಅವ್ವ ವಾರವೆಲ್ಲ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ಕಾಕಾ ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಊಟ ಮುಗಿಸಿ ಎದ್ದುಹೋದ.

ಮರುವರ್ಷ ಚಳಿಗಾಲದಲ್ಲಿ ಕಾಕಾ ಮಲಗಿದಲ್ಲೇ ಹೋದ. ಮಣ್ಣು ಮಾಡಿ ಬಂದ ದಿನ ನೀಲಾ ಶೆಡ್ಡಿನಲ್ಲಿ ಒಬ್ಬಳೇ ಕೂತು ಒಂದು ಹನಿ ವೈನನ್ನು ಪೊರೆಯ ಮೇಲೆ ಬಿಟ್ಟಳು. ಒಂದು ಗಳಿಗೆ ಸುಮ್ಮನಿದ್ದ ಯಂತ್ರ ಅವಳೇ ಧ್ವನಿಮುದ್ರಿಸಿ ಇಟ್ಟಿದ್ದ ಕಾಕಾನ ದನಿಯಲ್ಲಿ, "ಕಣ್ ಮುಚ್ಚಿ ಕುಡೀಬಹುದು," ಎಂದಿತು. ನೀಲಾ ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತಿನಿಂದ ಮನೆಯಲ್ಲಿ ಯಂತ್ರಕ್ಕೂ ಕಾಕಾ ಎಂದೇ ಹೆಸರಾಯಿತು. "ಕಾಕಾ ಏನಂದ?" ಎಂದು ಸಂಗಣ್ಣ ಹೊಲದಿಂದಲೇ ಕೂಗಿ ಕೇಳುವನು. ಅವ್ವ ಹಬ್ಬದ ದಿನ ಶೆಡ್ಡಿನ ಬಾಗಿಲಿಗೂ ಮಾವಿನ ಸೊಪ್ಪು ಕಟ್ಟುವಳು.

ನೀಲಾ ಯಂತ್ರದ ಕೈಗೆ ನೀರಿನ ಕೊಳವೆಗಳ ಕೀಲಿಯನ್ನೂ ಕೊಟ್ಟಳು. ಕಟ್ಟಳೆ ಸರಳ. ಪ್ರತಿ ಸುಗ್ಗಿಯಲ್ಲಿ ಒಂದೊಂದು ಪಟ್ಟಿಯ ಹಣ್ಣಿನಿಂದ ಒಂದೊಂದು ಜಾಡಿ ವೈನ್ ಮಾಡಿ ಕಾಕಾನಿಗೆ ಕೊಡಬೇಕು. ರುಚಿ ಇಳಿದಿಲ್ಲ ಎಂದರೆ ಮುಂದಿನ ವರ್ಷ ಆ ಪಟ್ಟಿಗೆ ನೀರು ಇನ್ನಷ್ಟು ಕಡಿಮೆ. ಇಳಿದ ಕೂಡಲೇ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಬರಬೇಕು. ಬಳ್ಳಿಯೂ ಉಳಿಯಿತು, ನೀರೂ ಉಳಿಯಿತು, ವೈನೂ ಉಳಿಯಿತು. ಕಾಗದದ ಮೇಲೆ ಒಂದು ಕೂದಲೆಳೆ ತಪ್ಪಿರಲಿಲ್ಲ.

ಮೊದಲ ವರ್ಷವೇ ನೀರು ಅರ್ಧಕ್ಕೆ ಇಳಿಯಿತು, ರುಚಿ ಇಳಿಯಲಿಲ್ಲ, ಏರಿತು. ಎರಡನೆಯ ವರ್ಷವೂ ಏರಿತು. ನೀರು ಕಡಿಮೆಯಾದಂತೆಲ್ಲ ಕಾಕಾ ಹೆಚ್ಚು ಹೆಚ್ಚು ಮೆಚ್ಚಿಕೊಳ್ಳತೊಡಗಿದ. ಕಣ್ ಮುಚ್ಚಿ ಕುಡೀಬಹುದು, ಕಣ್ ಮುಚ್ಚಿ ಕುಡೀಬಹುದು. ಬದುಕಿದ್ದಾಗ ವರ್ಷಕ್ಕೊಮ್ಮೆ ಕೇಳಿಸುತ್ತಿದ್ದ ಮಾತು ಈಗ ಒಂದು ಬೆಳಿಗ್ಗೆಯಲ್ಲಿ ಹತ್ತು ಸಲ ಕೇಳಿಸುತ್ತಿತ್ತು. ಅತಿ ಕಡಿಮೆ ನೀರಿನ ವೈನ್ ಎಂದು ಹಂಜಗಿ ತೋಟಕ್ಕೆ ಬಿರುದು ಬಂತು. ನೀಲಾಳನ್ನು ಕರೆದು ಕರೆದು ಭಾಷಣ ಮಾಡಿಸಿ ಶಾಲು ಹೊದಿಸಿದರು. ಅವ್ವ ಆ ಶಾಲುಗಳನ್ನೆಲ್ಲ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡಿದಳು.

ಮಾರಾಟಕ್ಕೆ ಏನೂ ತೊಂದರೆ ಇರಲಿಲ್ಲ, ಏಕೆಂದರೆ ಆ ಮನೆಯ ಕೆಂಪು ವೈನ್ ಐದು ವರ್ಷ ಪೀಪಾಯಿಯಲ್ಲಿ ಮಲಗದೆ ಹೊರಗೆ ಬರುವ ಪದ್ಧತಿಯೇ ಇಲ್ಲ. ಜನ ಕುಡಿಯುತ್ತಿದ್ದದ್ದು ಕಾಕಾ ಬದುಕಿದ್ದಾಗಿನ ವೈನು. ಯಂತ್ರದ ವೈನು ಕತ್ತಲೆಯಲ್ಲಿ ಮಲಗಿತ್ತು.

ಸಂಗಣ್ಣನಿಗೆ ಮಾತ್ರ ಸಮಾಧಾನವಿರಲಿಲ್ಲ. ಅಕ್ಟೋಬರದಲ್ಲಿ ಬಳ್ಳಿ ಸವರುವ ಹೊತ್ತಿಗೆ ಅವನು ಕತ್ತರಿ ಹಿಡಿದುಕೊಂಡೇ ಶೆಡ್ಡಿಗೆ ಬಂದ.

"ತಂಗೀ, ಮುತ್ಯಾನ ಪಟ್ಟಿ ಭಾಳ ಸೊರಗೇದ. ಮುಂಜಾನೆ ಆರಕ್ಕ ಎಲಿ ಮುದುಡಿರತಾವ. ಹೋದ ಸುಗ್ಗ್ಯಾಗ ಕಾಳು ಅಂದ್ರ ಮೆಣಸಿನ ಕಾಳು ಆಗಿದ್ವು."

"ಬಳ್ಳಿ ಬಳಲಿದಷ್ಟು ವೈನ್ ಗಟ್ಟಿ ಆಗತದಣ್ಣ. ಇದು ನಾ ಹೇಳೂ ಮಾತಲ್ಲ, ವೈನ್ ಮಾಡೋರೆಲ್ಲಾ ಹೇಳತಾರ."

"ಬಳಲೂದು ಬ್ಯಾರೆ, ಸಾಯೂದು ಬ್ಯಾರೆ."

"ಕಾಕಾ ಏನ್ ಹೇಳಾಕತ್ತಾನ ಕೇಳೀಯಿಲ್ಲೊ? ಹಣ್ಣು ಕೆಟ್ಟಿದ್ರ ಅವಂಗ ಗೊತ್ತಾಗತಿದ್ದಿಲ್ಲೇನು?"

ಕಾಕಾನ ಮಾತಿಗೆ ಎದುರಾಡಿ ಸಂಗಣ್ಣನಿಗೆ ರೂಢಿಯೇ ಇರಲಿಲ್ಲ. ಹಿತ್ತಲ ಬಚ್ಚಲಿನ ಹಿಂದೆ, ಮುತ್ಯಾನ ಪಟ್ಟಿಯದೇ ಕಡ್ಡಿಯಿಂದ ಅವ್ವ ಬೆಳೆಸಿದ ಒಂದು ಒಂಟಿ ಬಳ್ಳಿಯಿತ್ತು. ಮುಸುರೆ ನೀರು ಕುಡಿದು ಚಪ್ಪರ ತುಂಬ ಹಬ್ಬಿತ್ತು. ಅವನು ಹಿತ್ತಲಿಗೆ ಹೋಗಿ ಅದರ ಒಂದು ಅಗಲ ಎಲೆ ಕಿತ್ತು ತಂದು ತಂಗಿಯ ಮೇಜಿನ ಮೇಲಿಟ್ಟು ಹೋದ. ಮಕ್ಕಳ ಹಾಗೆ ಹಟ ಮಾಡುತ್ತಾನೆ ಎಂದು ನೀಲಾಳಿಗೆ ಸಿಟ್ಟು ಬಂತು. ಎಲೆಯನ್ನು ಕಸದ ಬುಟ್ಟಿಗೆ ಹಾಕಿದಳು.

ಐದನೆಯ ವರ್ಷ ತುಂಬಿ ಯಂತ್ರದ ಮೊದಲ ಪೀಪಾಯಿ ಬಿಚ್ಚುವ ದಿನ ಬಂತು. ಸೊಲ್ಲಾಪುರದ ಹಳೆಯ ವ್ಯಾಪಾರಿ ದೇವಧರ, ಜೊತೆಗೆ ನಾಲ್ಕಾರು ಜನ ದೊಡ್ಡ ದೊಡ್ಡ ಊರುಗಳಿಂದ. ಅಂಗಳದಲ್ಲಿ ಪೆಂಡಾಲು. ಅವ್ವ ಹೋಳಿಗೆಗೆ ಬೇಳೆಯನ್ನು ಮುಂಚಿತವಾಗಿಯೇ ಹಾಕಿದ್ದಳು.

ಗ್ಲಾಸಿಗೆ ಸುರಿದ ವೈನು ಕಪ್ಪೇ ಎನ್ನುವಷ್ಟು ಕೆಂಪಗಿತ್ತು. ಎಲ್ಲರೂ ಅಬ್ಬಾ ಎಂದರು. ಗುಟುಕು ಹಾಕಿಕೊಂಡರು. ಉಗುಳಿದರು. ರುಚಿ ನೋಡುವವರು ಉಗುಳುವುದು ಪದ್ಧತಿ. ಹಂಜಗಿ ಮನೆಯವರು ಅದನ್ನು ಹುಟ್ಟಿದಾಗಿನಿಂದ ಕಂಡಿದ್ದಾರೆ. ಆದ್ದರಿಂದ ಕೈ ಕಟ್ಟಿ ನಿಂತು ನಗುತ್ತಲೇ ಇದ್ದರು. ಯಾರೂ ಎರಡನೆಯ ಗುಟುಕು ಹಾಕಿಕೊಳ್ಳಲಿಲ್ಲ ಎಂಬುದನ್ನು ಅವರು ಗಮನಿಸಲಿಲ್ಲ.

"ಬಣ್ಣ ಭಾಳ ಛಂದ ಬಂದದ," ಎಂದರು ಒಬ್ಬರು. ಉಳಿದವರೂ ಹೂಂ, ಬಣ್ಣ, ಬಣ್ಣ ಎಂದರು. ಊಟ ಮಾಡಿದರು. ಹೋಳಿಗೆಯನ್ನು ಹೊಗಳಿದರು.

ಹೊರಡುವಾಗ ದೇವಧರ ನೀಲಾಳನ್ನು ಕಾರಿನ ಆಚೆ ಕರೆದ.

"ನೀಲಾಬಾಯಿ, ನಿಮ್ಮಪ್ಪಾರ ಕಾಲದಿಂದ ನಾ ಈ ಮನಿ ಮಾಲು ಒಯ್ಯಾಂವ. ಮನಸಿಗೆ ಹಚ್ಕೋಬ್ಯಾಡ್ರಿ, ಹೇಳೂದು ಹೇಳತೀನಿ. ಇದರಾಗ ಏನೂ ಇಲ್ಲ. ಬಣ್ಣ ಅದ, ಒಗರದ, ಕಹಿ ಅದ. ಹಣ್ಣೇ ಇಲ್ಲ. ಕಟಗಿ ಕುದಿಸಿ ಕುಡದಂಗ ಆತು."

ನೀಲಾ ಶೆಡ್ಡಿನ ಕಡೆ ಕೈ ತೋರಿಸಿದಳು. "ನಮ್ಮ ಕಾಕಾ... ಯಂತ್ರ..."

"ಯಂತ್ರ ಸುಡ್ರಿ ಅತ್ತ. ಐದು ವರ್ಷದಾಗ ಮನಿ ಮಂದಿ ಒಬ್ಬರರ ಬಾಯಾಗ ಹಾಕ್ಕೊಂಡು ನೋಡಲಿಲ್ಲೇನು?"

"ನಾವು ನಾಲಿಗಿಗೆ ಹಚ್ಚಂಗಿಲ್ರಿ."

ದೇವಧರ ಅವಳ ಮುಖವನ್ನೇ ನೋಡಿದ. "ಹಂಗಂತಾರ ಅಂತ ಕೇಳಿದ್ದೆ," ಎಂದ. "ಖರೇನ ಹಂಗ ಅದೀರಿ ಅಂತ ತಿಳದಿದ್ದಿಲ್ಲ ನಾ."

ಮರುದಿನ ಬೆಳಿಗ್ಗೆಯೇ ನೀಲಾ ತಿಕೋಟಾದಲ್ಲಿದ್ದ ಕಾಕಾನ ಹೆಂಡತಿ ಫಿಲೂ ಕಾಕುವಿನ ಮನೆಗೆ ಹೋದಳು. ಹೋದದ್ದು ಯಾಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಕಾಕಾ ಎಲ್ಲಾದರೂ ಏನಾದರೂ ಹೇಳಿದ್ದನೋ, ಕಲಿಸುವಾಗ ಏನು ತಪ್ಪಿತೋ ಕೇಳಬೇಕಿತ್ತು. ಫಿಲೂ ಕಾಕು ಚಹಾ ಕಾಸುತ್ತಿದ್ದವಳು ಅವಳ ಮುಖ ನೋಡಿದ್ದೇ ಒಲೆ ಆರಿಸಿ ಬಂದು ಕೂತಳು. ಪೀಪಾಯಿ ಬಿಚ್ಚಿದ ಸುದ್ದಿಯನ್ನು ಪೂರ್ತಿ ಕೇಳಿದಳು.

"ಜ್ವರ ಬಂದು ಹೋದ ಮ್ಯಾಲ ಅವಂಗ ನಾಲಿಗಿ ಇದ್ದಿದ್ದಿಲ್ಲ ಮಗಳ," ಎಂದಳು. "ಮೂಗೂ ಇಲ್ಲ, ನಾಲಿಗೀನೂ ಇಲ್ಲ. ಉಪ್ಪು ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ."

ನೀಲಾಳಿಗೆ ಉಪ್ಪಿಲ್ಲದ ಎಣಗಾಯಿ ನೆನಪಾಯಿತು. ಎರಡನೆಯದಕ್ಕೆ ಕೈ ಹಾಕಿದ ಕಾಕಾ. ಹೊಟ್ಟೆ ಹಿಡಿದುಕೊಂಡು ನಕ್ಕ ತಾವು.

"ಮತ್ತ ನನಗ ದಿನಾ ಅಂಕ ಹೇಳತಿದ್ದರಲ್ಲ, ಕಾಕೂ?"

"ಬಣ್ಣ ನೋಡಿ ಹೇಳತಿದ್ದ. ಕಪ್ಪಗಿದ್ರ ಚಲೋ, ತೆಳ್ಳಗಿದ್ರ ಕಡಿಮಿ. ಅಷ್ಟು ವರ್ಷ ನೋಡಿದ ಕಣ್ಣು ಅಲ್ಲ, ಭಾಳ ಸಲ ಸರೀನೂ ಬರತಿತ್ತು."

"ಹೇಳಬಾರದಿತ್ತಾ ನನಗ? ಒಂದು ಮಾತು ಹೇಳಬಾರದಿತ್ತಾ?" ನೀಲಾಳ ದನಿ ಏರಿತು. ಸತ್ತವನ ಮೇಲೆ ಅವಳಿಗೆ ಅಂಥ ಸಿಟ್ಟು ಬಂದಿತ್ತು, ಎದುರಿಗಿದ್ದಿದ್ದರೆ ಹೊಡೆದೇ ಬಿಡುತ್ತಿದ್ದಳೇನೋ.

"ನಾನೂ ಅಂದೆ. ದಿನಾ ಜಗಳ ಮಾಡಿದೆ. ಆ ಹುಡುಗಿ ಆಸೆಪಟ್ಟು ಕುಂತೇತಿ, ಹ್ಯಾಂಗ ಹೇಳಲಿ ಅಂದ. ಮತ್ತ ಇನ್ನೊಂದ್ ಮಾತು ಅಂತಿದ್ದ." ಫಿಲೂ ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಐದು ತಲಿಯಿಂದ ವೈನ್ ಮಾಡೋ ಮನಿ ಅದು. ಆಣಿ ಗೀಣಿ ಊರ ಮುಂದ. ಒಳಗ ಒಬ್ಬರರ ಕದ್ದು ನೆಕ್ಕೇ ನೆಕ್ಕತಾರ. ನನ್ನ ತಪ್ಪು ಅವರು ಹಿಡೀತಾರ, ನೀ ಕಾಳಜಿ ಮಾಡಬ್ಯಾಡ ಅಂತಿದ್ದ."

ನೀಲಾ ಗೋಡೆಗೆ ಒರಗಿ ಕೂತಳು. ಮೂವತ್ತು ವರ್ಷ ಜೊತೆಗಿದ್ದವನೂ ನಂಬಿರಲಿಲ್ಲ. ಮನೆಯಲ್ಲಿ ಒಬ್ಬ ಕಳ್ಳ ಇದ್ದಿದ್ದರೆ ತೋಟ ಉಳಿಯುತ್ತಿತ್ತು. ಒಬ್ಬನೇ ಒಬ್ಬ. ಇರಲಿಲ್ಲವಲ್ಲ!

ಶೆಡ್ಡಿಗೆ ಬಂದವಳು ಸೋಸಿ ಉಳಿದಿದ್ದ ದ್ರಾಕ್ಷಿ ಸಿಪ್ಪೆಯನ್ನು ಒಂದು ಬೋಗುಣಿ ನೀರಿಗೆ ಹಾಕಿ ಕುದಿಸಿದಳು. ಹುಳಿಯಿಲ್ಲ, ಸಿಹಿಯಿಲ್ಲ, ಬರೀ ಸಿಪ್ಪೆಯ ಬಣ್ಣ ಬಿಟ್ಟುಕೊಂಡ ನೀರು. ಆರಿಸಿ ಒಂದು ಹನಿ ಪೊರೆಯ ಮೇಲೆ ಬಿಟ್ಟಳು.

"ಕಣ್ ಮುಚ್ಚಿ ಕುಡೀಬಹುದು," ಎಂದಿತು ಕಾಕಾನ ದನಿ.

ಇನ್ನೊಮ್ಮೆ ಕುದಿಸಿ ಇನ್ನೂ ಕಪ್ಪಗೆ ಮಾಡಿ ಬಿಟ್ಟಳು. ಇನ್ನೂ ಹೆಚ್ಚು ಅಂಕ ಬಂತು. ಅವಳಿಗೆ ಎಲ್ಲ ಬಿಚ್ಚಿಕೊಂಡಿತು. ಸಾವಿರ ಸಲ ಕಾಕಾ ಬಣ್ಣ ಹೇಳಿದ್ದ. ಯಂತ್ರಕ್ಕೆ ಕಣ್ಣಿಲ್ಲ, ಆದರೆ ಬಣ್ಣ ಕೊಡುವ ಸಿಪ್ಪೆಯ ಒಗರು ಪೊರೆಗೆ ತಿಳಿಯುತ್ತದೆ; ಸಾವಿರ ಸಲ ಅದನ್ನೇ ರುಚಿಯೆಂದು ಕಲಿತಿತ್ತು. ನೀರು ಕಡಿಮೆಯಾದರೆ ಕಾಳು ಸಣ್ಣದಾಗುತ್ತದೆ. ಕಾಳು ಸಣ್ಣದಾದಷ್ಟೂ ರಸ ಕಡಿಮೆ, ಸಿಪ್ಪೆ ಹೆಚ್ಚು, ಬಣ್ಣ ಗಾಢ. ಆದ್ದರಿಂದ ನೀರು ಕಡಿದಷ್ಟೂ ಕಾಕಾ ಹೊಗಳುತ್ತಿದ್ದ, ಹೊಗಳಿದಷ್ಟೂ ನೀರು ಕಡಿಯುತ್ತಿತ್ತು. ರುಚಿ ಇಳಿಯುವ ಗೆರೆಯನ್ನು ಅದು ಎಂದೋ ದಾಟಿ ಹೋಗಿತ್ತು, ಬಳ್ಳಿ ಸಾಯುವ ಗೆರೆಯನ್ನು ಕೂಡ. ಯಂತ್ರದ್ದೇನು ತಪ್ಪು? ಮಾಸ್ತರ ಹೇಳಿದ್ದನ್ನು ಒಪ್ಪಿಸಿತು. ಮಾಸ್ತರ ದಡ್ಡ ಇದ್ರ ಎಂದು ಅವನು ಕೇಳಿಯೂ ಇದ್ದ. ಸುಮ್ ಕೂಡ್ರಿ ಎಂದವಳು ಇವಳೇ.

ಅವಳು ಓಡಿಹೋಗಿ ಎಲ್ಲ ಕೊಳವೆಗಳನ್ನೂ ಕೈಯಿಂದಲೇ ತಿರುವಿ ಬಿಟ್ಟಳು. ಮುತ್ಯಾನ ಪಟ್ಟಿಯಲ್ಲಿ ನೀರು ಬಳಬಳ ಹರಿಯಿತು. ಸಂಗಣ್ಣ ಅಲ್ಲಿಗೆ ಬಂದ. ಕಿಸೆಯಿಂದ ಚಾಕು ತೆಗೆದು ಒಂದು ಕಾಂಡದ ತೊಗಟೆ ಕೆತ್ತಿ ತೋರಿಸಿದ. ಒಳಗೆ ಹಸಿರಿರಲಿಲ್ಲ, ಒಣಗಿದ ಕಂದು. ಪಕ್ಕದ್ದನ್ನು ಕೆತ್ತಿದ. ಅದೂ ಹಾಗೇ. ಸಾಲಿಡೀ ಕೆತ್ತುತ್ತ ಹೋದ, ಅವಳು ಹಿಂದೆ ಹಿಂದೆ ನಡೆದಳು. ಇಪ್ಪತ್ತು ಮೂವತ್ತು ಕಾಂಡಕ್ಕೆ ಒಂದರಲ್ಲಿ ಎಲ್ಲೋ ದಾರದಷ್ಟು ಹಸಿರು ಇದ್ದರೆ ಇತ್ತು.

"ಈ ಸರ್ತಿ ಚಿಗುರಿದ್ದು ಬೇರಿನ ಬಲದಿಂದಲ್ಲ, ಕಾಂಡದಾಗ ಉಳಿದಿದ್ದ ರಸದಿಂದ," ಎಂದ. "ಮುಗೀತು. ನಾ ಗಟ್ಟಿ ಹೇಳಬೇಕಿತ್ತು ನಿನಗ."

"ಹೇಳಿದ್ದ್ಯಲ್ಲಣ್ಣ."

"ಗಟ್ಟಿ ಹೇಳಲಿಲ್ಲ."

ಒಂದು ತಿಂಗಳು ನೀರು ಬಿಟ್ಟು ಕಾದರು. ಚಿಗುರಿದ್ದೂ ಬಾಡಿತು. ನೀರು ಉಳಿಸಿದ್ದಕ್ಕೆ ಬಿರುದು ಕೊಟ್ಟವರು ಫೋನು ಮಾಡಿ, ಒಮ್ಮೆಲೇ ಅಷ್ಟು ನೀರು ಯಾಕೆ ಖರ್ಚಾಯಿತೆಂದು ವಿಚಾರಿಸಿದರು. ನೀಲಾ ಫೋನಿಟ್ಟಳು.

ಬಳ್ಳಿ ಕೀಳಲು ಟ್ರ್ಯಾಕ್ಟರು ಬಂದ ದಿನ ಸಂಗಣ್ಣ ಬಚ್ಚಲಿನ ಹಿಂದಿನ ಬಳ್ಳಿಯಿಂದ ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ. ಮತ್ತೆ ನೆಡುತ್ತಾನಂತೆ. ನೆಟ್ಟು ಹಣ್ಣು ಬರಬೇಕು, ಹಣ್ಣು ವೈನಾಗಬೇಕು, ವೈನು ಮಲಗಿ ಏಳಬೇಕು. ಏಳುವ ಹೊತ್ತಿಗೆ ಅದು ಚಲೋ ಇದೆಯೋ ಇಲ್ಲವೋ ಹೇಳುವವರು ಯಾರು? ಆ ಪ್ರಶ್ನೆ ನೀಲಾಳ ತಲೆಯಲ್ಲಿ ತಿಂಗಳಿಂದ ಕೊರೆಯುತ್ತಿತ್ತು. ಅವಳು ಉಗ್ರಾಣಕ್ಕೆ ಹೋಗಿ ಎರಡು ಬಾಟಲಿ ತಂದಳು. ಒಂದು ಕಾಕಾನಿಗೆ ಜ್ವರ ಬರುವ ಮುಂಚಿನದು, ಅವನು ಕಣ್ಣು ಮುಚ್ಚಿ ಮೆಚ್ಚಿದ್ದು. ಇನ್ನೊಂದು ಯಂತ್ರದ್ದು. ಅಡುಗೆಮನೆಯಲ್ಲಿ ಕೂತು ಎರಡು ಸ್ಟೀಲಿನ ಲೋಟಕ್ಕೆ ಒಂದೊಂದರಿಂದ ಒಂದಿಷ್ಟು ಬಗ್ಗಿಸಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

"ಏನ್ಮಾಡಾಕತ್ತೀಯೇ?"

"ಕುಡೀತೀನವ್ವ."

ಅವ್ವ ಬೈಯುತ್ತಾಳೆಂದು ಕಾದಳು. ಅವ್ವ ಬೈಯಲಿಲ್ಲ. ನೀಲಾ ಕೊರಳಿನ ಲಿಂಗದ ದಾರಕ್ಕೆ ಕೈ ಹಾಕಿದಾಗ ಮಾತ್ರ ಹಿಟ್ಟಿನ ಕೈಯಿಂದಲೇ ಅವಳ ಕೈ ಹಿಡಿದಳು.

"ಅದನ್ನ ತಗೀಬ್ಯಾಡ. ಶಿವಗೂ ಗೊತ್ತಾಗಲಿ."

ನೀಲಾ ಕಣ್ಣು ಮುಚ್ಚಿದಳು. ಮೊದಲ ಲೋಟದಿಂದ ಒಂದು ಗುಟುಕು ಹಾಕಿಕೊಂಡು ಕಾಕಾ ಮಾಡುತ್ತಿದ್ದ ಹಾಗೆ ಕೆನ್ನೆಯಿಂದ ಕೆನ್ನೆಗೆ ಆಡಿಸಿದಳು. ಹುಳಿ, ಒಗರು, ಗಂಟಲಲ್ಲಿ ಬೆಂಕಿ. ಕಣ್ಣಲ್ಲಿ ನೀರು ಬಂತು. ನೀರು ಕುಡಿದು ಬಾಯಿ ತೊಳೆದು ಎರಡನೆಯದನ್ನು ಹಾಕಿಕೊಂಡಳು. ಹುಳಿ, ಒಗರು, ಬೆಂಕಿ. ಮತ್ತೆ ಮೊದಲನೆಯದು. ಮತ್ತೆ ಎರಡನೆಯದು. ವಾಕರಿಕೆ ಒತ್ತಿಕೊಂಡು ಬಂತು, ನುಂಗಿಕೊಂಡಳು. ಒಂದು ಅವಳ ಮನೆತನದ ಹೆಸರು ಕಟ್ಟಿದ ವೈನು, ಇನ್ನೊಂದು ಆ ಮನೆತನದ ತೋಟ ಕೊಂದ ವೈನು. ಒಂದು ಗುಲಗಂಜಿಯಷ್ಟಾದರೂ ವ್ಯತ್ಯಾಸ ಸಿಕ್ಕೀತೇ ಎಂದು ನಾಲಿಗೆಯನ್ನು ಬೇಡಿಕೊಂಡಳು.

"ಯಾವುದು ಚಲೋ ಅದ?" ಎಂದು ಅವ್ವ ಕೇಳಿದಳು.

"ಗೊತ್ತಾಗವಲ್ದವ್ವ," ಎಂದಳು ನೀಲಾ. "ಎರಡೂ ಕಹಿ ಹತ್ತಾಕತ್ತಾವ."

ಅವ್ವ ಲೋಟಗಳನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಹಿಟ್ಟಿನ ಕೈ ಒರೆಸಿಕೊಂಡು ಒಂದೊಂದಾಗಿ ಎರಡೂ ಲೋಟದಿಂದ ಒಂದೊಂದು ಗುಟುಕು ತಾನೂ ಕುಡಿದಳು. ಮುಖ ಹಿಂಡಿಹೋಯಿತು.

"ಹಂಗಾರ ಇಷ್ಟು ವರ್ಷ ನಾವು ಏನ್ ಮಾಡಕೊಂತ ಬಂದೇವಿ ನೀಲಾ?" ಎಂದಳು.

ಹೊರಗೆ ಟ್ರ್ಯಾಕ್ಟರು ಮುತ್ಯಾನ ಪಟ್ಟಿಯ ಮೊದಲ ಸಾಲು ಕೀಳುತ್ತಿತ್ತು. ನೀಲಾ ಎದ್ದು ಲೋಟಗಳನ್ನು ತೊಳೆದಿಟ್ಟಳು.